ಮಗನಿಗೆ ಕಾಟ ಕೊಟ್ಟವರ ಜೊತೆ ಅವನನ್ನು ‘ಸರ್ಕಲ್’ನಲ್ಲಿ ಕೂರಿಸಬೇಕಂತೆ. ಒಪ್ಪಲಾ?

ಎರಡು ಮಕ್ಕಳ ಅಮ್ಮ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನನ್ನ ಮಗನಿಗೆ 13 ವರ್ಷ. ಮೂರು ತಿಂಗಳಿಂದ ಅವನ ಕ್ಲಾಸಿನ ಇಬ್ಬರು ಹುಡುಗರು ಅವನ ಹಿಂದೆ ಬಿದ್ದಿದ್ದಾರೆ. ಬ್ಯಾಗ್ ಬಚ್ಚಿಡುವುದು, ಅಡ್ಡಹೆಸರು ಕೂಗುವುದು, ವಾಟ್ಸಾಪ್ ಗುಂಪಿನಲ್ಲಿ ಅವನ ಫೋಟೋ ಹಾಕಿ ನಗುವುದು. ಮೊನ್ನೆ ಕನ್ನಡಕ ಕಿತ್ತುಕೊಂಡು ತುಳಿದು ಮುರಿದರು. ಆಗಲೇ ನಮಗೆ ಗೊತ್ತಾಗಿದ್ದು. ಅಲ್ಲಿವರೆಗೆ ಅವನು ಬಾಯೇ ಬಿಟ್ಟಿರಲಿಲ್ಲ.

ಶಾಲೆಗೆ ಹೋಗಿ ಮಾತಾಡಿದೆವು. ಇಬ್ಬರನ್ನೂ ಸಸ್ಪೆಂಡ್ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ. "ನಾವೀಗ ರೆಸ್ಟೋರೇಟಿವ್ ಪದ್ಧತಿ ತಂದಿದ್ದೇವೆ. ಅಂದರೆ ಬರೀ ಶಿಕ್ಷೆ ಕೊಡದೆ, ತಪ್ಪು ಮಾಡಿದವರು ನೋವುಂಡವರ ಮಾತು ಕೇಳಿ ಹೊಣೆ ಹೊತ್ತು ಸರಿಪಡಿಸುವ ಹಾಗೆ ಮಾಡುವುದು. ಮುಂದಿನ ಗುರುವಾರ ಮೂವರನ್ನೂ ದುಂಡಗೆ ಕುರ್ಚಿ ಹಾಕಿ ಸರ್ಕಲ್‌ನಲ್ಲಿ ಕೂರಿಸಿ ಮಾತಾಡಿಸುತ್ತೇವೆ" ಅಂದರು. ಮಗನನ್ನು ಕೇಳಿದರೆ "ನಾನು ಅವರ ಮುಖ ನೋಡಲ್ಲ" ಅಂತಾನೆ.

ಇದರಿಂದ ನಿಜವಾಗಿಯೂ ಏನಾದರೂ ಆಗುತ್ತಾ? ಇಲ್ಲ, ಶಾಲೆಯವರು ತಮ್ಮ ತಲೆನೋವು ಕಳೆದುಕೊಳ್ಳೋಕೆ ಮಾಡುವ ರಾಜಿನಾ? ಗುರುವಾರಕ್ಕೆ ಇನ್ನು ಆರೇ ದಿನ.

ನೇರಮಾತು
ಒಪ್ಪಬೇಡಿ ಮೇಡಂ. ಮೂರು ತಿಂಗಳು ಒಂದು ಮಗುವನ್ನು ಗೋಳು ಹೊಯ್ದುಕೊಂಡವರಿಗೆ ಕುರ್ಚಿ ಹಾಕಿ "ನಿನ್ನ ಮನಸ್ಸಲ್ಲಿ ಏನಿದೆ ಹೇಳಪ್ಪ" ಅನ್ನುವುದು ಯಾವ ನ್ಯಾಯ? ತಪ್ಪಿಗೆ ಶಿಕ್ಷೆ ಇರಬೇಕು. ಉಳಿದ ಮಕ್ಕಳೂ ನೋಡುತ್ತಿರುತ್ತಾರೆ.

ಮಳೆಹನಿ
ಮಗ ಬೇಡ ಅಂದರೆ ಬೇಡ. ಇದರಲ್ಲಿ ಚರ್ಚೆ ಏನಿದೆ?

ಹೈಸ್ಕೂಲ್ ಟೀಚರ್
ನಾನು ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಐದು ವರ್ಷದಿಂದ ಇಂಥ ಸರ್ಕಲ್‌ಗಳನ್ನು ನಡೆಸುತ್ತಿದ್ದೇನೆ. ಈ ಪದ್ಧತಿ ಮೇಲೆ ನನಗೆ ತುಂಬ ನಂಬಿಕೆ ಇದೆ. ಆದರೂ ಹೇಳುತ್ತೇನೆ, ಗುರುವಾರ ಬೇಡ.

ಜಗಳ ಬೇರೆ, ಕಾಟ ಬೇರೆ. ಸಮಬಲದವರು ಇಬ್ಬರು ಹೊಡೆದಾಡಿದರೆ ಎದುರುಬದುರು ಕೂರಿಸಬಹುದು. ಕಾಟದಲ್ಲಿ ಒಬ್ಬರ ಕೈ ಯಾವಾಗಲೂ ಮೇಲೆ. ನಾರ್ವೆಯಲ್ಲಿ ಈ ವಿಷಯವನ್ನು ಮೊದಮೊದಲು ಅಧ್ಯಯನ ಮಾಡಿದ ಡ್ಯಾನ್ ಓಲ್ವೆಯಸ್ ಮೂರು ಗುರುತು ಕೊಟ್ಟಿದ್ದಾರೆ. ಬೇಕಂತಲೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಬಲದಲ್ಲಿ ಏರುಪೇರು ಇರುವುದು. ನಿಮ್ಮ ಮಗನ ವಿಷಯದಲ್ಲಿ ಮೂರೂ ಇವೆ. ಅವರಿಬ್ಬರು, ಇವನೊಬ್ಬ. ಕುರ್ಚಿಗಳನ್ನು ದುಂಡಗೆ ಹಾಕಿದ ಮಾತ್ರಕ್ಕೆ ಆ ಏರುಪೇರು ಹೋಗುವುದಿಲ್ಲ.

ಮೊದಲು ಕಾಟ ನಿಲ್ಲಬೇಕು. ಫೋಟೋ ಅಳಿಸಬೇಕು, ಆ ಗುಂಪು ಮುಚ್ಚಬೇಕು, ಬಿಡುವಿನ ಹೊತ್ತಲ್ಲಿ ದೊಡ್ಡವರ ಕಣ್ಣಿರಬೇಕು. ಆಮೇಲೆ ಪ್ರತಿಯೊಬ್ಬರ ಜೊತೆ ಬೇರೆಬೇರೆಯಾಗಿ ಮಾತು. ಕಾಟ ಕೊಟ್ಟವರು "ಹೌದು, ಮಾಡಿದೆ" ಅಂತ ಒಪ್ಪದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಒಪ್ಪಿದರೆ ನೋವುಂಡ ಮಗುವನ್ನು ಕೇಳುತ್ತೇನೆ. ಎದುರು ಕೂರುತ್ತೀಯಾ? ಪತ್ರ ಸಾಕಾ? ನಿನ್ನ ಪರವಾಗಿ ಬೇರೆ ಯಾರಾದರೂ ಬರಬೇಕಾ? ಏನೂ ಬೇಡವಾ? ಕೂರುತ್ತೇನೆ ಅಂದರೆ ಪಕ್ಕದಲ್ಲಿ ಯಾರಿರಬೇಕು, ಬಾಗಿಲ ಹತ್ತಿರದ ಕುರ್ಚಿ ಬೇಕಾ, ಮೊದಲು ಯಾರು ಮಾತಾಡಬೇಕು, ಎಲ್ಲವನ್ನೂ ಆ ಮಗುವೇ ಹೇಳಬೇಕು. ಈ ತಯಾರಿಗೇ ನನಗೆ ಎರಡು ಮೂರು ವಾರ ಬೇಕು. ಆರು ದಿನದಲ್ಲಿ ಮುಗಿಸುತ್ತೇವೆ ಅನ್ನುತ್ತಿದ್ದಾರೆ ಅಂದರೆ ತಯಾರಿಯೇ ಆಗಿಲ್ಲ.

ನೇರಮಾತು
@ಹೈಸ್ಕೂಲ್ ಟೀಚರ್ ಇಷ್ಟೆಲ್ಲ ಒದ್ದಾಡುವ ಬದಲು ಹತ್ತು ದಿನ ಸಸ್ಪೆಂಡ್ ಮಾಡಿದರೆ ಮುಗೀತಲ್ವಾ?

ಕೊನೇ ಬೆಂಚು
ಮುಗಿಯಲ್ಲ ಸರ್. ನಾನು ಸಸ್ಪೆಂಡ್ ಆಗಿದ್ದವನು, ಅದಕ್ಕೇ ಹೇಳುತ್ತಿದ್ದೇನೆ.

ಹದಿನೈದನೇ ವಯಸ್ಸಲ್ಲಿ ನಮ್ಮ ಗುಂಪು ಒಬ್ಬ ಚಿಕ್ಕ ಹುಡುಗನಿಗೆ ಹೊಡೆಯಿತು. ನನಗೆ ಏಳು ದಿನ ಸಸ್ಪೆನ್ಶನ್. ಮನೆಯಲ್ಲಿ ಮಲಗಿದೆ, ಟಿವಿ ನೋಡಿದೆ. ವಾಪಸ್ ಹೋದಾಗ ಗೆಳೆಯರ ಮಧ್ಯೆ ನನ್ನ ಬೆಲೆ ಜಾಸ್ತಿಯಾಗಿತ್ತು. ಆ ಹುಡುಗ ಹೇಗಿದ್ದಾನೆ ಅಂತ ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಯೋಚಿಸಲಿಲ್ಲ.

ಮುಂದಿನ ವರ್ಷ ರಾತ್ರಿ ಹೊತ್ತು ಒಬ್ಬರ ಕಾರಿನ ಗಾಜು ಒಡೆದು ಸಿಕ್ಕಿಬಿದ್ದೆ. ಆ ಸಲ ಕಾರಿನ ಒಡತಿಯ ಎದುರು ಕೂರಿಸಿದರು. ಅವರು ಬೈಯಲಿಲ್ಲ. ಮಾರನೇ ದಿನ ಬೆಳಿಗ್ಗೆ ತಮ್ಮ ತಾಯಿಯನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕಿತ್ತು ಅಂದರು. ಸೀಟಿನ ತುಂಬ ಗಾಜಿನ ಚೂರು ಇತ್ತಂತೆ. ಬೇರೆ ಗಾಡಿ ಹುಡುಕಿ ಹೋಗುವಷ್ಟರಲ್ಲಿ ಅವರ ಸರದಿ ತಪ್ಪಿತ್ತಂತೆ. ಅಮ್ಮ ಸಂಜೆವರೆಗೆ ಕಾಲು ಊದಿಕೊಂಡು ಆಸ್ಪತ್ರೆಯಲ್ಲಿ ಕೂತಿದ್ದರಂತೆ. ನನಗೆ ಅದು ಬರೀ ಗಾಜಾಗಿತ್ತು ಸರ್. ಏಳು ದಿನದ ಸಸ್ಪೆನ್ಶನ್‌ನಲ್ಲಿ ನಾನು ಒಂದು ಸಲವೂ ಅತ್ತಿರಲಿಲ್ಲ. ಅವತ್ತು ಅತ್ತೆ. ಮೂರು ತಿಂಗಳು ವಾರದ ಕೊನೆಗೆ ಕೆಲಸ ಮಾಡಿ ಗಾಜಿನ ದುಡ್ಡು ಕಟ್ಟಿದೆ. ಆ ತಾಯಿಯನ್ನು ನೋಡಿಯೇ ಇಲ್ಲ, ಆದರೆ ಇವತ್ತಿಗೂ ಮರೆತಿಲ್ಲ.

ಮಳೆಹನಿ
ಓದಿ ಸುಮ್ಮನಾಗಿಬಿಟ್ಟೆ. ಬರೆದಿದ್ದಕ್ಕೆ ಥ್ಯಾಂಕ್ಸ್.

ಕಪ್ಪು ಕೋಟು
ಕೋರ್ಟಿನ ಕಡೆಯಿಂದ ನಾಲ್ಕು ಮಾತು. ಈ ಪದ್ಧತಿ ಶುರುವಾಗಿದ್ದೇ ನ್ಯೂಜಿಲೆಂಡ್‌ನಲ್ಲಿ, 1989ರ ಮಕ್ಕಳ ಕಾನೂನಿನಿಂದ. ಅಲ್ಲಿ ಹದಿಹರೆಯದವರು ಅಪರಾಧ ಮಾಡಿದರೆ ಫ್ಯಾಮಿಲಿ ಗ್ರೂಪ್ ಕಾನ್ಫರೆನ್ಸ್ ಅಂತ ಒಂದು ಸಭೆ ಕರೆಯುತ್ತಾರೆ. ಹುಡುಗ, ಅವನ ಮನೆಯವರು, ಪೊಲೀಸ್, ನಡೆಸಿಕೊಡುವ ಅಧಿಕಾರಿ ಇರುತ್ತಾರೆ. ನೋವಾದವರು ಬಯಸಿದರೆ ಅವರೂ ಬರಬಹುದು. ನನಗೆ ತುಂಬ ಹಿಡಿಸಿದ್ದು ಒಂದಿದೆ. ಸಭೆಯ ಮಧ್ಯೆ ಉಳಿದವರೆಲ್ಲ ಎದ್ದು ಹೋಗುತ್ತಾರೆ. ಮನೆಯವರಷ್ಟೇ ಕೂತು "ಇದನ್ನು ಹೇಗೆ ಸರಿಮಾಡೋಣ" ಅಂತ ಮಾತಾಡಿಕೊಳ್ಳುತ್ತಾರೆ. ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಮಕ್ಕಳನ್ನು ಮನೆಯಿಂದ ಕಿತ್ತು ಸಂಸ್ಥೆಗಳಿಗೆ ಹಾಕುತ್ತಿದ್ದುದರ ವಿರುದ್ಧ ಎದ್ದ ಕೂಗು ಈ ಕಾನೂನಿನ ಹಿಂದಿದೆ.

ಹಳೇ ಪುಟ
@ಕಪ್ಪು ಕೋಟು ಸರ್, ಒಂದು ಸಣ್ಣ ತಿದ್ದುಪಡಿ. ಈಗಿನ ಕಾಲದ ಕೋರ್ಟುಗಳಲ್ಲಿ ಶುರು ಅಂತ ಸಾಮಾನ್ಯವಾಗಿ ಹೇಳುವುದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾ ಊರಿನ ಪ್ರಕರಣವನ್ನು, 1974ರದ್ದು. ಇಬ್ಬರು ಹುಡುಗರು ಕುಡಿದ ಅಮಲಿನಲ್ಲಿ ಒಂದೇ ರಾತ್ರಿ 22 ಕಡೆ ಹಾಳುಗೆಡವಿದ್ದರು. ಟೈರ್ ಕೊಯ್ದಿದ್ದರು, ಕಿಟಕಿ ಒಡೆದಿದ್ದರು. ಮಾರ್ಕ್ ಯಾಂಟ್ಜಿ ಅನ್ನುವ ಪ್ರೊಬೇಷನ್ ಅಧಿಕಾರಿ (ತಪ್ಪು ಮಾಡಿದವರ ಮೇಲೆ ಕೋರ್ಟಿನ ಪರವಾಗಿ ನಿಗಾ ಇಡುವವರು), ಇವರು ನಷ್ಟವಾದವರನ್ನು ನೇರವಾಗಿ ಭೇಟಿ ಮಾಡಿದರೆ ಹೇಗೆ ಅಂತ ಸಲಹೆ ಕೊಟ್ಟರು. ಜಡ್ಜ್ ಒಪ್ಪಿದರು. ಹುಡುಗರು ಮನೆಮನೆಗೆ ಹೋಗಿ ಬಾಗಿಲು ತಟ್ಟಿದರು, ಆಮೇಲೆ ನಷ್ಟ ತುಂಬಿಕೊಟ್ಟರು.

ನ್ಯೂಜಿಲೆಂಡ್‌ನ ದೊಡ್ಡತನ ಬೇರೆ. ಒಬ್ಬ ಅಧಿಕಾರಿಯ ಒಳ್ಳೆ ಯೋಚನೆಯಾಗಿದ್ದನ್ನು ಅವರು ಇಡೀ ದೇಶದ ಕಾನೂನು ಮಾಡಿದರು.

ಕಪ್ಪು ಕೋಟು
ಸರಿ, ಒಪ್ಪಿದೆ. "ಕಾನೂನಾಗಿ ಶುರುವಾಗಿದ್ದು" ಅಂತ ಬರೆಯಬೇಕಿತ್ತು. ಕೆನಡಾ ಅಂದಾಗ ನೆನಪಾಯ್ತು, 1992ರಲ್ಲಿ ಯೂಕಾನ್ ಪ್ರದೇಶದಲ್ಲಿ ಬ್ಯಾರಿ ಸ್ಟುವರ್ಟ್ ಅನ್ನುವ ಜಡ್ಜ್ ಕೋರ್ಟಿನ ಕುರ್ಚಿಗಳನ್ನೇ ದುಂಡಗೆ ಹಾಕಿಸಿದರು. ತಾವೂ ಅಲ್ಲೇ ಕೂತರು. ಆರೋಪಿಯ ಸಮುದಾಯದವರ ಮಾತು ಕೇಳಿ ಶಿಕ್ಷೆ ತೀರ್ಮಾನ ಮಾಡಿದರು.

ನೇರಮಾತು
ಕಥೆಗಳು ಚೆನ್ನಾಗಿವೆ. ಅಂಕಿ ಅಂಶ ಇದ್ದರೆ ಕೊಡಿ. ತಪ್ಪು ಮಾಡಿದವರು ಮತ್ತೆ ಮಾಡುವುದು ಕಡಿಮೆಯಾಗಿದೆಯಾ?

ಲೆಕ್ಕದ ಪುಸ್ತಕ
ಒಳ್ಳೆ ಪ್ರಶ್ನೆ. ಉತ್ತರ "ಕೆಲವು ಕಡೆ ಹೌದು, ಕೆಲವು ಕಡೆ ಇಲ್ಲ".

ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 1995ರಿಂದ ಒಂದು ದೊಡ್ಡ ಪ್ರಯೋಗ ನಡೆಯಿತು. ಲಾರೆನ್ಸ್ ಶೆರ್ಮನ್, ಹೆದರ್ ಸ್ಟ್ರ್ಯಾಂಗ್ ಮತ್ತು ಅವರ ತಂಡದ್ದು. ಪ್ರಕರಣಗಳನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಕೆಲವು ಕೋರ್ಟಿಗೆ, ಕೆಲವು ಎದುರು ಕೂತು ಮಾತಾಡುವ ಸಭೆಗೆ. ಹೊಡೆದಾಟ ಬಡಿದಾಟದ ಹುಡುಗರಲ್ಲಿ ಸಭೆಗೆ ಹೋದವರು ಮತ್ತೆ ಅಪರಾಧ ಮಾಡುವುದು ಸ್ಪಷ್ಟವಾಗಿ ಕಡಿಮೆಯಾಯಿತು. ಕುಡಿದು ಗಾಡಿ ಓಡಿಸಿದವರಲ್ಲಿ ಅಂಥ ಲಾಭ ಕಾಣಲಿಲ್ಲ. ನನಗನ್ನಿಸುವುದು, ಕುಡಿದು ಓಡಿಸಿ ಸಿಕ್ಕಿಬಿದ್ದವನ ಎದುರು ಕೂರಲು ಗಾಯಗೊಂಡ ಒಬ್ಬ ಮನುಷ್ಯ ಇರುವುದಿಲ್ಲವಲ್ಲ. ಯಾರ ಮುಖ ನೋಡಿ ಅವನಿಗೆ ಮನಸ್ಸು ಕರಗಬೇಕು?

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಅದೇ ಪ್ರಯೋಗದಲ್ಲಿ ತಪ್ಪು ಮಾಡಿದವರು ನೋವುಂಡವರ ಕ್ಷಮೆ ಕೇಳಿದ್ದು ಕೋರ್ಟಿಗಿಂತ ಸಭೆಯಲ್ಲಿ ಎಷ್ಟೋ ಜಾಸ್ತಿ.

ಶಾಲೆಗಳ ಬಗ್ಗೆ ಅಮೆರಿಕದ ಪಿಟ್ಸ್‌ಬರ್ಗ್‌ನ ಅಧ್ಯಯನ ನೋಡಬೇಕು. 44 ಶಾಲೆ, ಎರಡು ವರ್ಷ, 2018ರಲ್ಲಿ ವರದಿ ಬಂತು. ಸಸ್ಪೆನ್ಶನ್ ಕಡಿಮೆಯಾಯಿತು. ಶಾಲೆಯ ವಾತಾವರಣ ಸುಧಾರಿಸಿದೆ ಅಂತ ಟೀಚರ್‌ಗಳು ಹೇಳಿದರು. ಆದರೆ 6ರಿಂದ 8ನೇ ತರಗತಿ ಮಕ್ಕಳ ಅಂಕ ಇಳಿಯಿತು. ಈ ಪದ್ಧತಿಯನ್ನು ಪ್ರೀತಿಸುವ ನಾವು ಇದನ್ನೂ ಹೇಳಲೇಬೇಕು.

ನೇರಮಾತು
ನೋಡಿ, ಅಂಕ ಇಳಿಯಿತು! ಒಬ್ಬ ತುಂಟನಿಗಾಗಿ ಮೂವತ್ತು ಮಕ್ಕಳು ಪಾಠ ಬಿಟ್ಟು ದುಂಡಗೆ ಕೂರಬೇಕಾ?

ಹೈಸ್ಕೂಲ್ ಟೀಚರ್
ಅದು ನಿಜವಾದ ತೊಂದರೆ, ತಳ್ಳಿಹಾಕಲ್ಲ. ತರಬೇತಿ ಎರಡು ದಿನ ಕೊಟ್ಟು, ಇರುವ ಕೆಲಸದ ಮೇಲೆ ಇದನ್ನೂ ಹೇರಿದರೆ ಪಾಠವೂ ಕೆಡುತ್ತದೆ, ಸರ್ಕಲ್ಲೂ ಕೆಡುತ್ತದೆ. ನಾನು ಬೇಡಿಕೊಂಡಿದ್ದು ಇಷ್ಟೇ: ವಾರಕ್ಕೆ ನಾಲ್ಕು ಪೀರಿಯಡ್ ನನಗೆ ಪಾಠ ಬೇಡ, ಈ ಕೆಲಸಕ್ಕೆ ಬಿಡಿ. ಕೊಟ್ಟರು. ಕೊಡದೇ ಇದ್ದಿದ್ದರೆ ನಾನೂ ಕೈಬಿಡುತ್ತಿದ್ದೆ.

ಕಿಟಕಿ ಪಕ್ಕ
ನಾನು ಟೀಚರ್ ಮೇಡಂ ಹೇಳಿದ ‘ತಯಾರಿ ಇಲ್ಲದ ಸರ್ಕಲ್’ನಲ್ಲಿ ಕೂತವಳು. ಎಂಟನೇ ಕ್ಲಾಸು. ಹೆಡ್‌ಮಾಸ್ಟರ್ ರೂಮಿಗೆ ಕರೆದರು. ನನಗೆ ಕಾಟ ಕೊಡುತ್ತಿದ್ದವಳು ಅಲ್ಲೇ ನಿಂತಿದ್ದಳು. "ಸಾರಿ ಹೇಳು" ಅಂದರು, ಹೇಳಿದಳು. "ಪರವಾಗಿಲ್ಲ ಅನ್ನು" ಅಂತ ನನಗೆ ಹೇಳಿದರು, ಅಂದೆ. ಕೈ ಕುಲುಕಿಸಿದರು. ಎಲ್ಲ ಸೇರಿ ಹತ್ತು ನಿಮಿಷ ಆಗಿರಬಹುದು. ಹೊರಗೆ ಬಂದ ತಕ್ಷಣ ಕಿವಿಯ ಹತ್ತಿರ ಬಂದು "ಚಾಡಿಕೋರಿ" ಅಂದಳು. ಆಮೇಲೆ ಆ ವರ್ಷವಿಡೀ ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಗೆ ಹೇಳಲಿ? "ಪರವಾಗಿಲ್ಲ" ಅಂತ ನಾನೇ ಹೇಳಿಬಿಟ್ಟಿದ್ದೆನಲ್ಲ.

ಅಮ್ಮಾ, ನಿಮ್ಮ ಮಗನಿಗೆ ಆ ಪದ ಬಲವಂತವಾಗಿ ಹೇಳಿಸಲು ಬಿಡಬೇಡಿ.

ಎರಡು ಮಕ್ಕಳ ಅಮ್ಮ
@ಕಿಟಕಿ ಪಕ್ಕ ಇದನ್ನು ಓದಿ ಅಳು ಬಂತು. ನನಗಿದ್ದ ಹೆದರಿಕೆಯೂ ಇದೇ.

ಕಪ್ಪು ಕೋಟು
ಮೇಡಂ, ಶಾಲೆಯವರ ಜೊತೆ ಮಾತಾಡುವಾಗ ಇದನ್ನು ಹಿಡಿದುಕೊಳ್ಳಿ. 2002ರಲ್ಲಿ ವಿಶ್ವಸಂಸ್ಥೆ ಈ ಪದ್ಧತಿಗೆ ಮೂಲ ತತ್ವಗಳನ್ನು ಒಪ್ಪಿಕೊಂಡಿದೆ. ಅದು ಅಪರಾಧ ಪ್ರಕರಣಗಳಿಗಾಗಿ ಬರೆದದ್ದು, ಆದರೆ ಶಾಲೆಗೂ ಸರಿಹೊಂದುತ್ತದೆ. ಎರಡೂ ಕಡೆಯವರು ಸ್ವಂತ ಮನಸ್ಸಿನಿಂದ ಒಪ್ಪಿರಬೇಕು. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಇಬ್ಬರ ನಡುವೆ ಬಲದ ಏರುಪೇರು ಇದೆಯಾ ಅಂತ ನೋಡಬೇಕು. ‘ಮೂವರನ್ನೂ ಕೂರಿಸುತ್ತೇವೆ’ ಅಂತ ಅವರೇ ತೀರ್ಮಾನಿಸಿದರೆ ಅದಕ್ಕೆ ಈ ಹೆಸರು ಹಾಕಬಾರದು.

ಮಳೆಹನಿ
ಗಂಡ ಹೆಂಡತಿಗೆ ಹೊಡೆದ ಪ್ರಕರಣಗಳಲ್ಲೂ ಹೀಗೆ ಕೂರಿಸುತ್ತಾರಾ? ಯೋಚಿಸಿದರೇ ಮೈ ಜುಮ್ಮೆನ್ನುತ್ತದೆ.

ಕಪ್ಪು ಕೋಟು
ನ್ಯೂಜಿಲೆಂಡ್‌ನಲ್ಲಿ ಕೆಲವು ಪ್ರಕರಣಗಳಲ್ಲಿ ಮಾಡುತ್ತಾರೆ, ಅದಕ್ಕೆಂದೇ ತರಬೇತಿ ಪಡೆದವರು. ತೀವ್ರ ವಿರೋಧವೂ ಇದೆ. ಮನೆಗೆ ಹೋದ ಮೇಲೆ ಏನಾಗುತ್ತದೆ ಅನ್ನುವ ಹೆದರಿಕೆ ಇರುವವರೆಗೆ ಆಕೆಯ "ಒಪ್ಪಿದ್ದೇನೆ" ಅನ್ನುವ ಮಾತಿಗೆ ನಾನಂತೂ ಬೆಲೆ ಕಟ್ಟಲಾರೆ.

ದಾರಿಹೋಕ
ಎಲ್ಲರೂ ಇಷ್ಟು ಅನುಮಾನ ಪಟ್ಟರೆ ಹೇಗೆ? ರುವಾಂಡಾದಲ್ಲಿ ನರಮೇಧದ ನಂತರ ಜೈಲು ಇಲ್ಲದೆ, ಬರೀ ಹಳ್ಳಿಯವರು ಕೂತು ಕ್ಷಮಿಸಿ ಎಲ್ಲ ಬಗೆಹರಿಸಿಕೊಂಡರು. ಗಚಾಚಾ ಅಂತ.

ಹಳೇ ಪುಟ
ಅದು ಹಾಗಲ್ಲ. ಗಚಾಚಾ ನ್ಯಾಯಾಲಯಗಳು ಜೈಲು ಶಿಕ್ಷೆಯನ್ನೂ ಕೊಟ್ಟವು, ದೀರ್ಘ ಶಿಕ್ಷೆಗಳನ್ನೂ. ತಪ್ಪೊಪ್ಪಿಕೊಂಡವರಿಗೆ ಶಿಕ್ಷೆ ಕಡಿಮೆ, ಕೆಲವರಿಗೆ ಸಮುದಾಯದ ಕೆಲಸ. 1994ರ ಕೊಲೆಗಳ ನಂತರ ಜೈಲುಗಳು ಉಸಿರುಕಟ್ಟುವಷ್ಟು ತುಂಬಿದ್ದವು. ಮಾಮೂಲಿ ಕೋರ್ಟುಗಳಲ್ಲಿ ಆ ಲೆಕ್ಕ ಮುಗಿಯುವ ಹಾಗಿರಲಿಲ್ಲ. 2012ರಲ್ಲಿ ಮುಚ್ಚುವ ಹೊತ್ತಿಗೆ ಸುಮಾರು 20 ಲಕ್ಷ ಪ್ರಕರಣ ನೋಡಿದ್ದವು. ಜನರೇ ಆರಿಸಿದ ನ್ಯಾಯಾಧೀಶರು. ಆರೋಪಿಗೆ ವಕೀಲರಿಲ್ಲ, ಅದಕ್ಕೆ ತುಂಬ ಟೀಕೆ ಬಂತು. ಎಷ್ಟೋ ಮನೆಯವರಿಗೆ ತಮ್ಮವರ ಹೆಣ ಎಲ್ಲಿ ಹೂತಿದ್ದಾರೆ ಅಂತ ಗೊತ್ತಾಗಿದ್ದೂ ಅಲ್ಲೇ. ಎರಡನ್ನೂ ಹೇಳಬೇಕು.

ದಾರಿಹೋಕ
ಇಷ್ಟು ಗೊತ್ತಿರಲಿಲ್ಲ. ಮತ್ತೆ ದಕ್ಷಿಣ ಆಫ್ರಿಕಾ? ವರ್ಣಭೇದದ ಆಡಳಿತ ಮುಗಿದ ಮೇಲೆ ಬಂದ, ಡೆಸ್ಮಂಡ್ ಟುಟು ಅವರ ಸತ್ಯ ಮತ್ತು ಸಾಮರಸ್ಯ ಆಯೋಗ?

ಹಳೇ ಪುಟ
ಸತ್ಯ ಹೇಳಿದವರಿಗೆ ಕ್ಷಮಾದಾನದ ದಾರಿ ಇತ್ತು, ಅದು ಬೇಗ ಆಯಿತು. ನೋವುಂಡವರಿಗೆ ಪರಿಹಾರ ತಡವಾಯಿತು. ಆರು ವರ್ಷ, ವರ್ಷ ವರ್ಷ ಕೊಡಿ ಅಂತ ಆಯೋಗ ಶಿಫಾರಸು ಮಾಡಿತ್ತು. ಸರ್ಕಾರ 2003ರಲ್ಲಿ ಒಂದೇ ಸಲ ಅಲ್ಲಿನ ಹಣದಲ್ಲಿ 30,000 ರ‍್ಯಾಂಡ್ ಅಂತ ಘೋಷಿಸಿತು. ನನಗೆ ಇದರಲ್ಲಿ ತುಂಬ ನೋವು ಕೊಡುವ ಸಂಗತಿ ಇದೇ. ನೋವುಂಡವರು ಎಲ್ಲರೆದುರು ಅತ್ತು ತಮ್ಮ ಪಾಲಿನ ಕೆಲಸ ಮಾಡಿದರು. ಕೊಡಬೇಕಾದವರು ಕೊಡಬೇಕಾದಷ್ಟು ಕೊಡಲಿಲ್ಲ.

ಪದಕೋಶ
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ‘ರೆಸ್ಟೋರೇಟಿವ್ ಜಸ್ಟಿಸ್’ಗೆ ಕನ್ನಡದಲ್ಲಿ ಏನನ್ನುತ್ತೀರಿ? ‘ಪುನಃಸ್ಥಾಪನಾ ನ್ಯಾಯ’ ಅಂತ ಒಂದು ಕಡೆ ನೋಡಿದೆ. ಹದಿಮೂರು ವರ್ಷದ ಹುಡುಗನಿಗೆ ಹೇಳಿದರೆ ಓಡಿಹೋಗುತ್ತಾನೆ.

ಲೆಕ್ಕದ ಪುಸ್ತಕ
‘ಸರಿಪಡಿಸುವ ನ್ಯಾಯ’?

ಕಿಟಕಿ ಪಕ್ಕ
ಎಲ್ಲವೂ ಸರಿಹೋಗಲ್ಲವಲ್ಲ. ನನ್ನ ಎಂಟನೇ ಕ್ಲಾಸನ್ನು ಯಾರು ಸರಿಪಡಿಸುತ್ತಾರೆ? ‘ಹೊಣೆ ಹೊರುವ ನ್ಯಾಯ’ ಅಂದರೆ ನಾನು ಒಪ್ಪುತ್ತೇನೆ.

ಹೈಸ್ಕೂಲ್ ಟೀಚರ್
ಹೊಣೆ ಅಂದಿರಿ, ಅದಕ್ಕೇ ಹೇಳುತ್ತೇನೆ. ಪದದ ಹೆಸರಿಗಿಂತ ನನಗೆ ಮುಖ್ಯ ಒಂದಿದೆ. ನಮ್ಮ ಭಾಷೆಯಲ್ಲಿ ತಪ್ಪಿಸಿಕೊಳ್ಳೋಕೆ ಒಂದು ಸುಲಭದ ಬಾಗಿಲಿದೆ. "ತಪ್ಪಾಯ್ತು." ಯಾರಿಂದ ಆಯ್ತು? "ಕನ್ನಡಕ ಮುರಿದುಹೋಯ್ತು." ತಾನೇ ಹೋಯ್ತಾ? ಮಕ್ಕಳು ಮಾತ್ರವಲ್ಲ, ದೊಡ್ಡವರೂ ಹೀಗೇ ಮಾತಾಡುತ್ತೇವೆ. ನನ್ನ ಸರ್ಕಲ್‌ನಲ್ಲಿ ಒಂದೇ ನಿಯಮ, ವಾಕ್ಯದಲ್ಲಿ ‘ನಾನು’ ಇರಬೇಕು. "ನಾನು ನಿನ್ನ ಕನ್ನಡಕ ಮುರಿದೆ." ಇಷ್ಟು ಹೇಳಲು ಒಬ್ಬ ಹುಡುಗ ಒಮ್ಮೆ ನಲವತ್ತು ನಿಮಿಷ ತೆಗೆದುಕೊಂಡ. ಸುಮ್ನೆ ನೆಲ ನೋಡುತ್ತಾ ಕೂತಿದ್ದ. ನಾವೂ ಕಾದೆವು.

ಪದಕೋಶ
ಇದನ್ನು ನಾನು ಯಾವತ್ತೂ ಗಮನಿಸಿಯೇ ಇರಲಿಲ್ಲ. ‘ಒಡೆದೆ’ ಮತ್ತು ‘ಒಡೆದುಹೋಯ್ತು’. ಅಬ್ಬಾ.

ನೇರಮಾತು
ಇದು ಸರಿ. ಇದನ್ನು ನಾನು ಒಪ್ಪುತ್ತೇನೆ. ಆದರೆ ‘ನಾನು ಮುರಿದೆ’ ಅಂದ ಮೇಲೂ ಅದಕ್ಕೆ ಏನಾದರೂ ತೆರಬೇಕು. ಮಾತಲ್ಲೇ ಮುಗಿಯಬಾರದು.

ಹೈಸ್ಕೂಲ್ ಟೀಚರ್
ಖಂಡಿತ. ಏನು ಮಾಡುತ್ತಾನೆ, ಯಾವ ತಾರೀಖಿನೊಳಗೆ, ಯಾರು ನೋಡುತ್ತಾರೆ, ಎಲ್ಲ ಬರವಣಿಗೆಯಲ್ಲಿ ಇರುತ್ತದೆ. ಆರು ವಾರಕ್ಕೆ ಮತ್ತೆ ಕೂರುತ್ತೇವೆ. ಮಾಡದಿದ್ದರೆ ಶಾಲೆಯ ಮಾಮೂಲಿ ಶಿಸ್ತಿನ ದಾರಿ ಇದ್ದೇ ಇದೆ. ಸಸ್ಪೆನ್ಶನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮಗುವಿನ ಸುರಕ್ಷತೆಗೆ ದೂರ ಇಡಬೇಕಾದರೆ ಇಡಬೇಕು.

ಕೊನೇ ಬೆಂಚು
ಅಮ್ಮಾ, ಆ ಇಬ್ಬರು ಹುಡುಗರನ್ನು ಒಟ್ಟಿಗೆ ಮಾತಾಡಿಸಬೇಡಿ ಅಂತ ಶಾಲೆಗೆ ಹೇಳಿ. ಜೊತೆಗಾರ ಪಕ್ಕದಲ್ಲಿದ್ದಾಗ ನಾನು ಯಾವತ್ತೂ ನಿಜ ಹೇಳಿದವನಲ್ಲ.

ಎರಡು ಮಕ್ಕಳ ಅಮ್ಮ
ಮೂರು ವಾರ ಆಯಿತು. ಏನಾಯ್ತು ಅಂತ ಹೇಳಬೇಕು ಅಂತ ಬಂದೆ.

ಗುರುವಾರದ ಸಭೆ ಬೇಡ ಅಂತ ಬರೆದು ಕೊಟ್ಟೆವು. ಟೀಚರ್ ಮೇಡಂ ಹೇಳಿದ ಪ್ರಶ್ನೆಗಳನ್ನೇ ಕಾಗದದ ಮೇಲೆ ಬರೆದುಕೊಂಡು ಹೋಗಿದ್ದೆ. ಮೊದಲು ಮುಖ ಗಂಟು ಹಾಕಿಕೊಂಡರು, ಆಮೇಲೆ ಕೇಳಿಸಿಕೊಂಡರು. ಗುಂಪು ಮುಚ್ಚಿಸಿದ್ದಾರೆ. ಒಬ್ಬನನ್ನು ಬೇರೆ ಸೆಕ್ಷನ್‌ಗೆ ಹಾಕಿದ್ದಾರೆ. ಇಬ್ಬರ ಜೊತೆಗೂ ಬೇರೆಬೇರೆಯಾಗಿ ಮಾತಾಡಿದ್ದಾರೆ.

ಮಗ "ಪತ್ರ ಸಾಕು" ಅಂದ. ಒಬ್ಬ ಹುಡುಗನ ಪತ್ರ ಬಂತು. ಮೊದಲನೆಯದರಲ್ಲಿ "ಕನ್ನಡಕ ಮುರಿದುಹೋಗಿದ್ದಕ್ಕೆ ಸಾರಿ" ಅಂತ ಇತ್ತಂತೆ. ಕೌನ್ಸೆಲರ್ ಮಗನಿಗೆ ತೋರಿಸದೆ ವಾಪಸ್ ಕಳಿಸಿದರು. ಎರಡನೆಯದು ಒಂದು ಪುಟ ಇದೆ. ಬ್ಯಾಗ್ ಎಲ್ಲೆಲ್ಲಿ ಬಚ್ಚಿಟ್ಟೆ, ಫೋಟೋ ಯಾರಿಗೆ ಕಳಿಸಿದೆ, ಎಲ್ಲ ಬರೆದಿದ್ದಾನೆ. ಪ್ರತಿ ಸಾಲೂ ‘ನಾನು’ ಅಂತ ಶುರುವಾಗುತ್ತದೆ. ಮಗ ಎರಡು ಸಲ ಓದಿದ. ಏನೂ ಹೇಳಲಿಲ್ಲ. ಮಡಚಿ ಡ್ರಾಯರ್‌ನಲ್ಲಿ ಇಟ್ಟ. "ಉತ್ತರ ಬರೀತೀಯಾ?" ಅಂದೆ. "ಈಗಲ್ಲ" ಅಂದ. ನಾನೂ ಒತ್ತಾಯ ಮಾಡಲಿಲ್ಲ.

ಇನ್ನೊಬ್ಬ ಏನನ್ನೂ ಒಪ್ಪಿಲ್ಲ. ಅವನ ಮನೆಯವರು ನಮ್ಮ ಮೇಲೇ ಕೂಗಾಡಿದರು. ಅವನ ವಿಷಯ ಶಿಸ್ತು ಸಮಿತಿಗೆ ಹೋಗಿದೆ.

ಕಿಟಕಿ ಪಕ್ಕ
"ಈಗಲ್ಲ" ಅನ್ನೋಕೆ ಅವನಿಗೆ ಜಾಗ ಸಿಕ್ಕಿತಲ್ಲ. ನನಗೆ ಅಷ್ಟೇ ಸಾಕು.

ನೇರಮಾತು
ಎರಡನೆಯವನನ್ನು ಬಿಡಬೇಡಿ ಮೇಡಂ. ಸಮಿತಿಯಲ್ಲಿ ಏನಾಯ್ತು ಅಂತ ಬರೆಯಿರಿ.

ಕೊನೇ ಬೆಂಚು
ಆ ಪತ್ರ ಬರೆದ ಹುಡುಗನ ಜೊತೆ ಈಗ ಯಾರಾದರೂ ಇದ್ದಾರಾ? ಗೆಳೆಯನನ್ನು ಬಿಟ್ಟುಕೊಟ್ಟ ಅಂತ ಅವನಿಗೂ ಏಟು ಬೀಳಬಹುದು. ಕೌನ್ಸೆಲರ್‌ಗೆ ಒಂದು ಮಾತು ಹೇಳಿ.

ಎರಡು ಮಕ್ಕಳ ಅಮ್ಮ
ಇದು ನನಗೆ ಹೊಳೆದೇ ಇರಲಿಲ್ಲ. ನಾಳೆ ಬೆಳಿಗ್ಗೆಯೇ ಫೋನ್ ಮಾಡುತ್ತೇನೆ.